ಫ್ಯಾಮಿಲಿ ರೂಮಿನ ಮೇಜು

ಬಾಯಿ ಮುಚ್ಚಿಕೊಂಡು ಚಹಾ ಕುಡಿದಿದ್ದರೆ ಅಲೆಕ್ಸಾಂಡರನಿಗೆ ಆ ದಿನ ಏನೂ ಆಗುತ್ತಿರಲಿಲ್ಲ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವನು ಪಾರಾದದ್ದೇ ಬಾಯಿ ಮುಚ್ಚಿಕೊಂಡು. ಕುಕ್ಕುಂದೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅವನ ಕಸುಬು. ಮೋಟಾರಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳಬಲ್ಲ. ಮನುಷ್ಯರ ಎದುರು ಎರಡು ಮಾತು ಜೋಡಿಸುವಾಗ ಮಾತ್ರ ಬೆವರುತ್ತಾನೆ.

ಬೆಳಿಗ್ಗೆ ಅವನ ಹೆಂಡತಿ ಲೊರ್ನಾ ಮೊಬೈಲು ನೋಡುತ್ತ, ಕಾರ್ಕಳ ಪೇಟೆಯ ಶ್ರೀಪಾದ ಭವನವನ್ನು ಇವತ್ತು ಕೆಡವುತ್ತಾರಂತೆ, ಬೇಕಾದವರು ಮೇಜು ಕುರ್ಚಿ ಕೊಂಡುಹೋಗಬಹುದಂತೆ ಎಂದಳು. ಗಂಡ ಹೆಂಡತಿ ಮೊದಲು ಭೇಟಿಯಾದದ್ದು ಆ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ. ಆಗಿನ ಕ್ರಮವೇ ಹಾಗಿತ್ತು. ಹುಡುಗಿಯ ಮನೆಗೇ ಹೋಗಿ ನೋಡಿ, ಆಮೇಲೆ ಬೇಡ ಎಂದರೆ ಊರಿಗೆಲ್ಲ ಸುದ್ದಿ. ಹೋಟೆಲಿನಲ್ಲಾದರೆ, ಚಹಾ ಕುಡಿಯಲು ಹೋಗಿದ್ದೆವು, ಅವರೂ ಸಿಕ್ಕಿದರು ಎಂದು ಕೈ ತೊಳೆದುಕೊಳ್ಳಬಹುದು. ಇಗರ್ಜಿಯ ಅರ್ಧ ಮದುವೆಗಳು ಕುದುರಿದ್ದು ಆ ರೂಮಿನ ಪರದೆಯ ಹಿಂದೆ.

"ಅವತ್ತು ನೀವು ನನ್ನ ಮುಖ ನೋಡಲೇ ಇಲ್ಲ. ಮೇಜನ್ನೇ ನೋಡ್ತಾ ಕೂತಿದ್ರಿ," ಎಂದಳು ಲೊರ್ನಾ. "ಆ ಮೇಜಾದರೂ ಯಾವುದು ಅಂತ ನೆನಪುಂಟಾ?"

ಪ್ರಶ್ನೆ ಹೊಸತಲ್ಲ. ಕ್ರಿಸ್ಮಸ್ಸಿಗೊಮ್ಮೆ, ಹಬ್ಬಕ್ಕೊಮ್ಮೆ ನೆಂಟರ ಎದುರು ಬರುತ್ತಿತ್ತು, ನೆಂಟರು ನಗುತ್ತಿದ್ದರು. ಅಲೆಕ್ಸಾಂಡರನೂ ನಕ್ಕಂತೆ ಮಾಡುತ್ತಿದ್ದ, ಆದರೆ ಒಳಗೊಳಗೇ ನೋವಾಗುತ್ತಿತ್ತು. ಹೆಂಡತಿಯನ್ನು ಮೊದಲು ಕಂಡ ದಿನವನ್ನೇ ಮರೆತವನು ಎಂಬ ಹೆಸರು ಯಾರಿಗೆ ಬೇಕು? ಇವತ್ತು ಯಾಕೋ ಬಾಯಿ ಜಾರಿತು. "ಚೆನ್ನಾಗಿ ನೆನಪುಂಟು. ಸಂಜೆಯೊಳಗೆ ಅದನ್ನೇ ತಂದು ನಿನ್ನ ಎದುರು ಇಡ್ತೇನೆ," ಎಂದುಬಿಟ್ಟ.

ನಿಜವಾಗಿ ಅವನಿಗೆ ನೆನಪಿದ್ದದ್ದು ಅದು ಬಿಳಿ ಕಲ್ಲಿನ ಮೇಜು ಎಂಬುದು ಒಂದೇ. ಸ್ಕೂಟರ್ ನಿಲ್ಲಿಸಿ ಫ್ಯಾಮಿಲಿ ರೂಮಿನೊಳಗೆ ನೋಡಿದರೆ ನಾಲ್ಕು ಮೇಜು, ನಾಲ್ಕೂ ಬಿಳಿ ಕಲ್ಲಿನವು. ಬಾಗಿಲ ಹಿಂದೆ ಒಂದು, ಕನ್ನಡಿಯ ಕೆಳಗೆ ಒಂದು, ಕಿಟಕಿಯ ಪಕ್ಕ ಒಂದು, ಕೈ ತೊಳೆಯುವ ಬೇಸಿನ್ನಿನ ಹತ್ತಿರ ಒಂದು. ಒಂದರ ಮುಖ ಇನ್ನೊಂದಕ್ಕೆ ಇಟ್ಟಂತಿತ್ತು.

ಹಿಂದುಗಡೆ ಜೆಸಿಬಿ ಆಗಲೇ ಅಡುಗೆಮನೆಯನ್ನು ನೆಲಸಮ ಮಾಡಿತ್ತು. ರಸ್ತೆಯಲ್ಲಿ ಅರ್ಧ ಊರು ನಿಂತಿತ್ತು. ಒಬ್ಬರು ಸಾಂಬಾರಿನ ಪರಿಮಳ ಇನ್ನೂ ಉಂಟೆಂದು ಗೋಡೆಯ ಇಟ್ಟಿಗೆಯನ್ನು ಮೂಸಿ ಪಕ್ಕದವರಿಗೂ ಮೂಸಲು ಕೊಟ್ಟರು. ಇನ್ನೊಬ್ಬರು ಎಸ್ಸೆಸ್ಸೆಲ್ಸಿ ಫೇಲಾದ ದಿನ ತಾನು ಮನೆಗೆ ಹೋಗದೆ ಅಡಗಿ ಕೂತ ಮೂಲೆಯನ್ನು ಮೊಮ್ಮಗನಿಗೆ ಹೆಮ್ಮೆಯಿಂದ ತೋರಿಸುತ್ತಿದ್ದರು.

ಎಂಬತ್ತು ದಾಟಿದ ಬೆನೆಡಿಕ್ಟಾ ಬಾಯಿಯೂ ಕೊಡೆ ಊರಿಕೊಂಡು ಬಂದಿದ್ದರು. ಊರಿನ ನಲವತ್ತು ಜೋಡಿಗಳನ್ನು ಕೂಡಿಸಿದವರು ಅವರು. ಅಲೆಕ್ಸಾಂಡರನ ಸಂಬಂಧವೂ ಅವರದೇ. ಅವನು ಮೆಲ್ಲಗೆ ಕೇಳಿದಾಗ ಅವರು ಒಂದು ಕ್ಷಣವೂ ಯೋಚಿಸದೆ, ಬಾಗಿಲ ಹಿಂದಿನದು ಎಂದರು. ಅಲೆಕ್ಸಾಂಡರ್ ಗೂಡ್ಸ್ ಟೆಂಪೊದವನನ್ನು ಕರೆದ. ಇಬ್ಬರೂ ಸೊಂಟ ಉಳುಕುವಂತೆ ಮೇಜನ್ನು ಹೊರತಂದು ಹತ್ತಿಸಿದರು.

ಹಗ್ಗ ಕಟ್ಟುವಾಗ ಎದುರು ಸಾಲಿನ ಫೋಟೋ ಸ್ಟುಡಿಯೋದ ಸ್ಯಾಮ್ಸನ್ ಬಂದ. ಬಾಗಿಲ ಹಿಂದೆ ಕೂತದ್ದು ತಾನು ಮತ್ತು ತನ್ನ ಹೆಂಡತಿ, ಅಲೆಕ್ಸಾಂಡರ್ ಕೂತದ್ದು ಕನ್ನಡಿಯ ಕೆಳಗೆ, ತಾನು ಕಣ್ಣಾರೆ ಕಂಡಿದ್ದೇನೆ ಎಂದ. ಬೆನೆಡಿಕ್ಟಾ ಬಾಯಿ ಸಿಟ್ಟಾದರು. ಅವತ್ತು ನೀನು ಇನ್ನೂ ಹೈಸ್ಕೂಲಿನಲ್ಲಿದ್ದೆ ಎಂದರು. ಮೂರನೆಯವರೊಬ್ಬರು ಬಂದು, ಇಬ್ಬರದೂ ತಪ್ಪು, ಆಗ ಕನ್ನಡಿ ಇದ್ದದ್ದೇ ಈಚೆ ಬದಿಯ ಗೋಡೆಯಲ್ಲಿ ಎಂದರು. ಇಳಿಸು ಎಂದಾಗ ಇಳಿಸಿ, ಹತ್ತಿಸು ಎಂದಾಗ ಹತ್ತಿಸಿ, ಹನ್ನೊಂದೂವರೆಯ ಹೊತ್ತಿಗೆ ಅಲೆಕ್ಸಾಂಡರನ ಅಂಗಿ ತೊಳೆದು ಹಿಂಡದೆ ಒಣಗಲು ಹಾಕಿದಂತಿತ್ತು. ಟೆಂಪೊದವನು ಬೇರೆ ಬಾಡಿಗೆ ಸಿಕ್ಕಿತೆಂದು ಹೇಳಿ ಹೋದ.

ಜೆಸಿಬಿಯ ಹನುಮೇಶ ಕೊಪ್ಪಳದ ಕಡೆಯವನು. ಅಷ್ಟು ಹೊತ್ತೂ ಮೇಲಿನಿಂದ ನೋಡಿ ನೋಡಿ ಕೊನೆಗೆ ಕೇಳಿದ, "ಒಂದು ಮೇಜಿಗೆ ಇಷ್ಟು ಮಂದಿ ಯಾಕ್ರೀ? ಸಂಜೀಕ ಈ ಜಾಗ ಸಪಾಟ ಆಗಿರಬೇಕಂತ ಹೇಳ್ಯಾರ ನನಗ."

ಆಗ ಯಾರೋ ಜಿತೇಂದ್ರನ ಹೆಸರೆತ್ತಿದರು. ಆ ಕಾಲದಲ್ಲಿ ಫ್ಯಾಮಿಲಿ ರೂಮಿಗೆ ಒಬ್ಬನೇ ಸಪ್ಲೈಯರ್, ಜಿತೇಂದ್ರ. ಈಗ ಬಜಗೋಳಿಯಲ್ಲಿ ಮಗಳ ಮನೆಯಲ್ಲಿದ್ದಾನೆ. ಫೋನ್ ಕೊಟ್ಟರೆ ಕಿವಿ ಕೇಳುವುದಿಲ್ಲ, ಎದುರು ಕೂತರೆ ಎಲ್ಲ ಹೇಳುತ್ತಾನೆ. ಅಲೆಕ್ಸಾಂಡರ್ ಹನುಮೇಶನ ಕಾಲಿಗೆ ಬೀಳುವುದೊಂದು ಬಾಕಿ. ಎರಡು ಗಂಟೆ ತಡೆದುಕೋ, ಬೇಕಾದರೆ ಬೇಸಿನ್ನಿನ ಕಡೆಯಿಂದ ಶುರು ಮಾಡು, ಅಲ್ಲಿ ಕೂತೆವೆಂದು ಯಾರೂ ಹೇಳಿಲ್ಲ ಎಂದು ಬೇಡಿಕೊಂಡು ಸ್ಕೂಟರ್ ಹತ್ತಿದ.

ಬಜಗೋಳಿಯಲ್ಲಿ ಜಿತೇಂದ್ರ ಜಗಲಿಯಲ್ಲಿ ಕೂತು, ಒಣಗಲು ಹಾಕಿದ ಹಲಸಿನ ಹಪ್ಪಳಕ್ಕೆ ಕಾಗೆ ಬಾಯಿ ಹಾಕದಂತೆ ಕಾಯುತ್ತಿದ್ದ. ಅಲೆಕ್ಸಾಂಡರ್ ತನ್ನ ಹೆಸರು, ಹೆಂಡತಿಯ ಹೆಸರು, ಮನೆತನ, ವರ್ಷ ಎಲ್ಲ ಕೂಗಿ ಹೇಳಿದ. ಮುದುಕ ತಲೆ ಅಲ್ಲಾಡಿಸಿದ.

"ಮುಖ, ಹೆಸರು ಎಲ್ಲ ನನಗೆ ನಿಲ್ಲುವುದಿಲ್ಲ ಪರ್ಬುಗಳೇ. ಎಂತ ತಿಂದರು ಹೇಳಿ."

ತಾನು ತಿಂದದ್ದು ಅಲೆಕ್ಸಾಂಡರನಿಗೆ ನೆನಪಿಲ್ಲ. ಆದರೆ ಲೊರ್ನಾ ಗೋಳಿಬಜೆಯನ್ನು ಇವತ್ತಿಗೂ ಚಟ್ನಿ ಮುಟ್ಟದೆ ಸಕ್ಕರೆಯಲ್ಲಿ ಅದ್ದಿ ತಿನ್ನುತ್ತಾಳೆ. ಅದನ್ನೇ ಹೇಳಿದ.

ಜಿತೇಂದ್ರನ ಮುಖ ಅರಳಿತು. "ಸಕ್ಕರೆಯ ಹುಡುಗಿ! ಅದನ್ನು ಮರೆಯುವುದುಂಟಾ? ಕಿಟಕಿಯ ಪಕ್ಕದ ಮೇಜು. ಆ ಹುಡುಗನೂ ಎಂಥ ಮಾತುಗಾರ ಮಾರಾಯ್ರೆ! ಆ ಹುಡುಗಿ ನಕ್ಕು ನಕ್ಕು ಕಾಫಿ ಚೆಲ್ಲಿದ್ದಾಳೆ. ನಾನೇ ಒರೆಸಿದ್ದು."

ಅಲೆಕ್ಸಾಂಡರ್ ಜಗಲಿಯ ಕಂಬ ಹಿಡಿದುಕೊಂಡ. ಲೊರ್ನಾ ನಕ್ಕಿದ್ದಳು. ಕಾಫಿ ಚೆಲ್ಲುವಷ್ಟು ನಕ್ಕಿದ್ದಳು, ತನ್ನ ಮಾತಿಗೆ! ಅಷ್ಟು ಚೂಟಿಯಾಗಿದ್ದವನು ಆಮೇಲೆ ಎಲ್ಲಿ ಹೋದ? ಪಂಪಿನ ಗ್ರೀಸು, ಮನೆಯ ಜವಾಬ್ದಾರಿ ಎಲ್ಲ ಸೇರಿ ಅವನನ್ನು ಮುಚ್ಚಿಹಾಕಿರಬೇಕು. ಸಂತೋಷಕ್ಕೆ ಕಣ್ಣು ತುಂಬಿತು.

"ಆ ಹುಡುಗ ನಾನೇ," ಎಂದ.

ಜಿತೇಂದ್ರ ಅವನನ್ನು ಮೇಲಿನಿಂದ ಕೆಳಗೆ ನೋಡಿದ. "ಹೌದಾ? ವಯಸ್ಸು ಎಂತೆಂತ ಮಾಡ್ತದೆ, ಅಲ್ವಾ," ಎಂದ.

ಹಿಂದಿರುಗುವ ದಾರಿಯಲ್ಲಿ ಅಲೆಕ್ಸಾಂಡರ್ ಸ್ಕೂಟರಿನ ಮೇಲೆ ಹಾಡಿದ. ಪೇಟೆ ಮುಟ್ಟುವಾಗ ಬೇಸಿನ್ನಿನ ಗೋಡೆ ಅದರ ಮೇಜಿನ ಸಮೇತ ಪುಡಿಯಾಗಿ ಬಿದ್ದಿತ್ತು, ಜೆಸಿಬಿಯ ಕೈ ಕಿಟಕಿಯತ್ತ ತಿರುಗುತ್ತಿತ್ತು. ಅವನು ಸ್ಕೂಟರನ್ನು ಅಲ್ಲೇ ಬಿಟ್ಟು, ಧೂಳಿನೊಳಗೆ ಓಡಿ, ಮೇಜಿನ ಮೇಲೆ ಅಡ್ಡ ಮಲಗಿಬಿಟ್ಟ. ಹನುಮೇಶ ಎಂಜಿನ್ ಆಫ್ ಮಾಡಿ ಇಳಿದು ಬಂದ. ಬೈಯಲು ಬಂದವನು ಆ ಮುಖ ನೋಡಿ, ತಾನೇ ಮೇಜಿನ ಒಂದು ಕಾಲು ಹಿಡಿದು ಎತ್ತಿದ. ಸ್ಯಾಮ್ಸನ್ ತನ್ನ ಪರಿಚಯದ ಪಿಕಪ್ ತರಿಸಿದ. ಸಾಕ್ಷಿ ಬೇಕಲ್ಲ ಎಂದು ಬೆನೆಡಿಕ್ಟಾ ಬಾಯಿ ಮುಂದಿನ ಸೀಟಿನಲ್ಲಿ ಕೂತರು.

ಸಂಜೆ ಐದಕ್ಕೆ ಮೇಜು ಲೊರ್ನಾಳ ಎದುರು ಇತ್ತು. ಅಂಗಳದಲ್ಲಿ ಹತ್ತು ಜನ ನಿಂತಿದ್ದರು. ಲೊರ್ನಾ ಕಲ್ಲಿನ ಅಂಚಿನಲ್ಲಿ ಚೂರು ಎದ್ದುಹೋಗಿದ್ದ ಜಾಗವನ್ನು ಗುರುತು ಹಿಡಿದವಳಂತೆ ಬೆರಳಿನಿಂದ ಸವರಿದಳು. ಅಲೆಕ್ಸಾಂಡರ್ ಎಂದೂ ಕಾಣದ ನಗುವೊಂದು ಅವಳ ಮುಖದಲ್ಲಿ ಮೂಡಿತು.

"ಕಿಟಕಿಯ ಪಕ್ಕದ್ದು," ಎಂದಳು.

"ನೀನು ನಕ್ಕು ನಕ್ಕು ಕಾಫಿ ಚೆಲ್ಲಿದ್ದು ಸಹ ನೆನಪುಂಟು ನನಗೆ," ಎಂದ ಅಲೆಕ್ಸಾಂಡರ್, ಹತ್ತು ಜನರಿಗೂ ಕೇಳುವಂತೆ.

ಲೊರ್ನಾ ತಲೆ ಎತ್ತಿದಳು. "ಅದು ನಿಮಗೆ ಯಾರು ಹೇಳಿದ್ದು?" ಎಂದಳು. "ಅದು ಕಾಪುವಿನ ಡೆನ್ವರ್ ಬಂದ ದಿನ. ನೀವು ಬಂದದ್ದು ಅದರ ಮುಂದಿನ ಶನಿವಾರ. ನಾವು ಕೂತದ್ದು ಬೇಸಿನ್ ಹತ್ತಿರ. ನಾನು ಬರೀ ನೀರು ಕುಡಿದೆ."

ಬೆನೆಡಿಕ್ಟಾ ಬಾಯಿಗೆ ತಟ್ಟನೆ ಎಲ್ಲ ನೆನಪಾಯಿತು. ಹೌದು, ಡೆನ್ವರ್ ಒಳ್ಳೆಯ ಹುಡುಗನೇ, ಆದರೆ ಇಷ್ಟು ಮಾತಾಡುವವನು ಕೆಲಸ ಯಾವಾಗ ಮಾಡುತ್ತಾನೆಂದು ಲೊರ್ನಾಳ ತಂದೆ ಒಪ್ಪಲಿಲ್ಲ, ಮಾತೇ ಆಡದ ಒಬ್ಬನನ್ನು ಹುಡುಕಿ ಎಂದು ತನಗೆ ಹೇಳಿದರು ಎಂದು ವಿವರಿಸಿದರು. ಯಾರೂ ಕೇಳದಿದ್ದರೂ ವಿವರಿಸಿದರು.

ಅಲೆಕ್ಸಾಂಡರ್ ಇದನ್ನು ಈಗಲೇ ಹಿಂದಕ್ಕೆ ಕೊಂಡುಹೋಗುತ್ತೇನೆ ಎಂದ. ಬೇಡ, ಇಷ್ಟು ಕಷ್ಟಪಟ್ಟು ತಂದಿದ್ದೀರಿ, ಹಾಲ್‌ನ ಕಿಟಕಿಯ ಪಕ್ಕ ಇರಲಿ ಎಂದಳು ಲೊರ್ನಾ. ಹತ್ತು ಜನರೂ ಸೇರಿ ಬಹಳ ಉತ್ಸಾಹದಿಂದ ಅದನ್ನು ಒಳಗಿಟ್ಟು, ಒಬ್ಬೊಬ್ಬರಾಗಿ ಜಾರಿಕೊಂಡರು. ಸುದ್ದಿ ಹೇಳಲು ಅವರಿಗೆ ಬೇಕಾದಷ್ಟು ಮನೆಗಳಿದ್ದವು.

ಲೊರ್ನಾ ಎರಡು ಲೋಟ ಕಾಫಿ ತಂದಿಟ್ಟು ಒಂದು ಬದಿಯಲ್ಲಿ ಕೂತಳು. ಅಲೆಕ್ಸಾಂಡರನನ್ನು ಎದುರು ಕೂರಿಸಿದಳು. ಗಲ್ಲಕ್ಕೆ ಕೈಕೊಟ್ಟು, "ಎಂತಾದರೂ ಮಾತಾಡಿ," ಎಂದಳು.

ಅಲೆಕ್ಸಾಂಡರ್ ಬಹಳ ಹೊತ್ತು ಯೋಚಿಸಿದ. ಹಣೆ ಬೆವರಿತು.

"ಇದು ಎಂಬತ್ತು ಕಿಲೋ ಬರಬಹುದು," ಎಂದ.

ಮುಂದೆ ಇನ್ನೇನಾದರೂ ಉಂಟಾ ಎಂದು ಲೊರ್ನಾ ಕಾಫಿ ಮುಗಿಯುವವರೆಗೂ ಕಾದಳು. ಇರಲಿಲ್ಲ.