ಮೇಷ್ಟರ ಬೆನ್ನ ಮೇಲಿನ ಮಂತ್ರ

ಟೈಲರಣ್ಣನ ಮೀಸೆಗೆ ಅವತ್ತು ಸಂಜೆ ಐದು ಗಂಟೆಗೆ ಗಂಡಾಂತರವಿತ್ತು. ತಂದುಕೊಂಡವನು ಅವನೇ, ಆ ಮೀಸೆಯ ಕೆಳಗಿದ್ದ ಬಾಯಿಂದಲೇ.

ಅದೇನು ಅಂತಿಂಥ ಮೀಸೆಯಲ್ಲ. ಎರಡು ತುದಿಗೂ ಹಗ್ಗ ಬಿಗಿದು ಒಂದು ಮನೆಯ ಬಟ್ಟೆ ಒಣಹಾಕಬಹುದಿತ್ತು. ಬೀದಿಯ ತಿರುವಿನಲ್ಲಿ ಮೊದಲು ಮೀಸೆ ಬರುತ್ತಿತ್ತು. ಅದನ್ನು ಮಾತಾಡಿಸಿ, ಕ್ಷೇಮಸಮಾಚಾರ ಕೇಳಿ ಮುಗಿಸುವಷ್ಟರಲ್ಲಿ ಟೈಲರಣ್ಣ ಬರುತ್ತಿದ್ದ. ಹೆಂಡತಿಯಂತೂ, "ನಾನು ಮದುವೆಯಾಗಿದ್ದು ಮೀಸೇನ. ಇವರು ಅದರ ಜೊತೆಗೆ ಬಂದ್ರು" ಎಂದು ಹೇಳಿಕೊಂಡೇ ತಿರುಗುತ್ತಿದ್ದಳು.

ಎದುರಿನ ಕಟಿಂಗ್ ಶಾಪಿನವನಿಗೆ ಹನ್ನೆರಡು ವರ್ಷದಿಂದ ಆ ಮೀಸೆಯ ಮೇಲೆ ಕಣ್ಣು. ಟೈಲರಣ್ಣನ ಅಂಗಡಿಯಲ್ಲಿ ಹಳೇ ಟಿ.ವಿ.ಗೆ ಸಿಕ್ಕಿಸಿದ ಒಂದು ವಿಡಿಯೋ ಗೇಮ್ ಇತ್ತು. ಗಿರಾಕಿ ಇಲ್ಲದಾಗ ಇಬ್ಬರೂ ಕೂತು ರಾಜ, ರಾಕ್ಷಸ, ಮಂತ್ರ, ಕತ್ತಿ ಎಂದು ಹೊಡೆದಾಡುತ್ತಿದ್ದರು. ಕಟಿಂಗಿನವನು ಯಾವಾಗಲೂ ಕತ್ತಿವೀರ. ಗೆಲ್ಲುವುದೂ ಯಾವಾಗಲೂ ಅವನೇ. ಹಿಂದಿನ ದಿನವೂ ಸೋತು ಟೈಲರಣ್ಣನ ಪಿತ್ತ ನೆತ್ತಿಗೇರಿತು.

"ನಾಳೆ ಐದಕ್ಕೆ ಬಾರೋ! ಸೋತ್ರೆ ಮೀಸೆ ಬೋಳಿಸ್ಕೋತೀನಿ. ನೀನು ಸೋತ್ರೆ?"

"ವರ್ಷಪೂರ್ತಿ ನಿನ್ ಮೀಸೆಗೆ ನಾನೇ ಎಣ್ಣೆ ತೀಡ್ತೀನಿ," ಎಂದವನೇ ಕಟಿಂಗಿನವನು ಕತ್ತಿ ಮಸೆಯಲು ಹೋದ.

ಮಾತಿನ ಬಿಸಿ ಆರಿದ್ದು ಬೆಳಿಗ್ಗೆ. ಟೈಲರಣ್ಣ ಎರಡೆರಡು ಸಲ ಮೀಸೆ ಮುಟ್ಟಿ ನೋಡಿಕೊಂಡ. ಬಾಗಿಲು ಅರ್ಧ ಎಳೆದು ಅಭ್ಯಾಸಕ್ಕೆ ಕೂತ. ಬಿಲ್ಲುಗಾರನಾದ, ಸತ್ತ. ಗದೆಯವನಾದ, ಇನ್ನೂ ಬೇಗ ಸತ್ತ. ಕಡೆಗೆ ಉಳಿದವನು ತಿಕ್ಕಲು ಮಾಂತ್ರಿಕ. ಅವನ ಸಹವಾಸವೇ ಬೇಡವೆಂದು ಎಲ್ಲರೂ ಬಿಟ್ಟಿದ್ದರು. ಮಂತ್ರ ಹಾಕಿದರೆ ಒಮ್ಮೆ ಎದುರಾಳಿಯ ನೆತ್ತಿಗೆ ಸಿಡಿಲು ಬೀಳುತ್ತಿತ್ತು. ಇನ್ನೊಮ್ಮೆ ತಾನೇ ಕೋಳಿಯಾಗಿ ಕೊಕ್ಕೊಕ್ಕೋ ಎನ್ನುತ್ತಿದ್ದ. ಹತ್ತು ಎಣಿಸುವತನಕ ಕೋಳಿಯೇ. ಅಷ್ಟರಲ್ಲಿ ಯಾರು ಬೇಕಾದರೂ ಕುತ್ತಿಗೆ ಕೊಯ್ಯಬಹುದು.

ಆಡಿದ, ಸತ್ತ, ಮತ್ತೆ ಮೊದಲಿಂದ ಆಡಿದ. ಮೂರನೇ ಸಲಕ್ಕೆ ಟೈಲರಣ್ಣನ ಕೈ ನಿಂತುಬಿಟ್ಟಿತು. ಆಟ ಹೊಸದಾಗಿ ಶುರುವಾದಾಗಲೆಲ್ಲ ಸಿಡಿಲೂ ಕೋಳಿಯೂ ಅದೇ ಸರದಿಯಲ್ಲಿ ಬರುತ್ತಿದ್ದವು!

"ಅಯ್ಯೋ ನಿನ್ನ! ನಿನ್ ತಿಕ್ಕಲಿಗೂ ಟೈಮ್‌ಟೇಬಲ್ ಇದೆಯೇನೋ!"

ಸರದಿ ಗೊತ್ತಿದ್ದರೆ ಇನ್ನೇನು? ಕೋಳಿ ಬರುವ ಹೊತ್ತಿಗೆ ಬಂಡೆಯ ಹಿಂದೆ ಅಡಗಿ ಕೋಳಿಯಾಗುವುದು. ಸಿಡಿಲಿನ ಹೊತ್ತಿಗೆ ಎದೆ ಸೆಟೆಸಿ ಹೊರಗೆ ಬರುವುದು. ಕೈಗೆ ಕಾಗದ ಸಿಗಲಿಲ್ಲ. ಟೇಬಲ್ಲಿನ ಮೇಲೆ ರಿಟೈರ್ಡ್ ಮೇಷ್ಟರ ನೀಲಿ ಕೋಟು ಬೋರಲು ಬಿದ್ದಿತ್ತು, ಕಾಜ-ಗುಂಡಿಯ ಕೆಲಸವೊಂದೇ ಬಾಕಿ. ಸೀಮೆಸುಣ್ಣವಂತೂ ಕೈಗೆ ಆರನೇ ಬೆರಳು. ಸಿಡಿಲಿಗೊಂದು ಗೀಟು, ಕೋಳಿಗೊಂದು ಸೊನ್ನೆ, ಸಾಲಿಗೆ ಆರರಂತೆ ಕೋಟಿನ ಬೆನ್ನಿನ ಮೇಲೇ ಬರೆಯುತ್ತಾ ಹೋದ. ನಾಲ್ಕನೇ ಸಾಲು ಮುಗಿಯುವ ಮೊದಲೇ ಹೊಟ್ಟೆ ಚುರುಗುಟ್ಟಿತು. ಇಷ್ಟು ಸಾಕು ಎಂದುಕೊಂಡು ಮನೆಗೆ ಹೋಗಿ ಉಂಡು, ಗೆದ್ದವನ ಹಾಗೆ ಗೊರಕೆ ಹೊಡೆದ.

ಇತ್ತ ಅಂಗಡಿಗೆ ನಾದಿನಿ ಬಂದಳು. ಹೆಂಡತಿಯ ತಂಗಿ, ಕಾಜ-ಗುಂಡಿ ಕೆಲಸ ಅವಳದ್ದು. ಬಲು ನೀಟು, ಎಲ್ಲವೂ ಜೋಡಿಜೋಡಿಯಾಗಿಯೇ ಇರಬೇಕು. ಗೋಡೆಯ ಮೇಲೆ ಒಂದು ಹಲ್ಲಿ ಕಂಡರೆ ಇನ್ನೊಂದು ಬರುವತನಕ ಅವಳಿಗೆ ಕೂಳು ಇಳಿಯದು. ಒಮ್ಮೆ ಯಾವುದೋ ಗುರುತಿನ ಬಗ್ಗೆ ಕೇಳಿದ್ದಕ್ಕೆ ಬಾವ ಸಿಡುಕಿದ್ದ: "ಗೀಟು ಕಂಡ ಕಡೆ ಕಾಜ, ಸೊನ್ನೆ ಕಂಡ ಕಡೆ ಗುಂಡಿ. ಹತ್ತು ಸಲ ಕೇಳ್ಬೇಡ!" ಅಂದಿನಿಂದ ಅವಳು ಕೇಳಿದವಳಲ್ಲ. ಇವತ್ತೂ ಕೇಳಲಿಲ್ಲ. ಕೋಟಿನ ಮುಂಭಾಗ ಮುಗಿಸಿದಳು, ತಿರುಗಿಸಿದಳು, ಬೆನ್ನನ್ನೂ ಮುಗಿಸಿದಳು. ನೀಲಿ ಗುಂಡಿ ಸಾಲದೆ ಹಸಿರು ಹಚ್ಚಿದಳು, ಹಸಿರೂ ಸಾಲದೆ ಹಿತ್ತಾಳೆಯದು ಹಚ್ಚಿದಳು. ಮೂರೂವರೆಗೆ ಮೇಷ್ಟರು ಬಂದು ತೊಟ್ಟು, ಕನ್ನಡಿಯಲ್ಲಿ ಎದೆ ನೋಡಿಕೊಂಡು, ಹಿಗ್ಗುತ್ತಾ ಫೋಟೋ ಸ್ಟುಡಿಯೋಗೆ ಹೋದರು. ಬೆನ್ನು ನೋಡಿಕೊಂಡವರು ಯಾರಿದ್ದಾರೆ ಹೇಳಿ?

ಐದಕ್ಕೆ ಐದು ನಿಮಿಷವಿರುವಾಗ ಟೈಲರಣ್ಣ ಬಂದ. ಟೇಬಲ್ಲು ಖಾಲಿ.

"ಕೋಟೆಲ್ಲೇ?"

"ಮೇಷ್ಟರು ಹಾಕ್ಕೊಂಡು ಹೋದ್ರು ಬಾವ. ಎಷ್ಟ್ ಗುಂಡಿ ಅಂತೀರಿ! ಬೆರಳೆಲ್ಲ ತೂತು."

ಓಡಿಹೋಗೋಣವೆಂದರೆ ಬಾಗಿಲಲ್ಲಿ ಕಟಿಂಗಿನವನು, ಜೇಬಲ್ಲಿ ಕತ್ತಿ. ಅವನ ಹಿಂದೆ ಇಡೀ ಬೀದಿ. ಹಾಲಿನಾಕೆ ಕ್ಯಾನು ಬೋರಲು ಹಾಕಿ ಮುಂದಿನ ಸಾಲಿನಲ್ಲೇ ಕೂತಳು. "ಶುರು ಮಾಡ್ರಪ್ಪ. ನಂಗೆ ಇನ್ನೂ ಆರು ಮನೆ ಇದೆ."

ಟೈಲರಣ್ಣ ತಿಕ್ಕಲು ಮಾಂತ್ರಿಕನನ್ನು ಆರಿಸಿದ. ಬೀದಿಯೆಲ್ಲ ಗೊಳ್ಳೆಂದಿತು. ಮೊದಲ ಮೂರು ನೆನಪಿದ್ದವು: ಸಿಡಿಲು, ಕೋಳಿ, ಸಿಡಿಲು. ಕತ್ತಿವೀರ ಎರಡು ಸಲ ಮೈ ಸುಟ್ಟುಕೊಂಡ. ನಾಲ್ಕನೆಯದು? ತಲೆ ತೊಳೆದ ಪಾತ್ರೆಯಂತಾಗಿತ್ತು. ಬಂಡೆಯ ಹಿಂದೆ ಹೋಗಿ ಕೂತವನು ಏಳಲೇ ಇಲ್ಲ.

"ಅಲ್ಲೇ ಸಂಸಾರ ಹೂಡ್ತಾನೇನೋ," ಎಂದಳು ಹಾಲಿನಾಕೆ.

ಅಷ್ಟರಲ್ಲಿ ಜನರನ್ನು ಸೀಳಿಕೊಂಡು ಮೇಷ್ಟರು ನುಗ್ಗಿದರು, ಮುಖ ಕಾದ ಇಸ್ತ್ರಿಪೆಟ್ಟಿಗೆ.

"ಏನಯ್ಯಾ ಇದು? ಬೀದೀಲಿ ಮಕ್ಕಳು ನನ್ ಬೆನ್ನು ನೋಡಿ ಲೆಕ್ಕ ಕಲೀತಾ ಇದ್ದಾವೆ!" ಎನ್ನುತ್ತಾ ಗಿರ್ರನೆ ತಿರುಗಿ ಬೆನ್ನು ತೋರಿಸಿದರು.

ಟೈಲರಣ್ಣನಿಗೆ ಕಳೆದುಹೋದ ತಾಯಿ ಸಿಕ್ಕ ಹಾಗಾಯಿತು. ಗೀಟಿಗೊಂದು ಕಾಜ, ಸೊನ್ನೆಗೊಂದು ಗುಂಡಿ, ಸಾಲುಸಾಲಾಗಿ!

"ಮೇಷ್ಟ್ರೇ, ದಮ್ಮಯ್ಯ! ಬಯ್ಯಿರಿ, ಎಷ್ಟು ಬೇಕಾದ್ರೂ ಬಯ್ಯಿರಿ. ಆದ್ರೆ ಆ ಗೋಡೆ ಕಡೆ ಮುಖ ಮಾಡ್ಕೊಂಡು, ಅಲ್ಲಾಡ್ದೆ ಬಯ್ಯಿರಿ!"

ಮೂವತ್ತೈದು ವರ್ಷ ಬೋರ್ಡಿನ ಕಡೆ ತಿರುಗಿಯೇ ಬಯ್ದ ಮೇಷ್ಟರಿಗೆ ಅದೇನು ಕಷ್ಟ? ಅವರು ಗೋಡೆಗೆ ಬಯ್ಯುತ್ತಾ ಹೋದರು. ಟೈಲರಣ್ಣ ಬೆನ್ನು ಓದುತ್ತಾ ಹೋದ. ಗುಂಡಿ: ಬಂಡೆಯ ಹಿಂದೆ ಕೋಳಿ. ಕಾಜ: ಹೊರಗೆ ಬಂದು ಸಿಡಿಲು. ಕಾಜ, ಇನ್ನೊಂದು ಸಿಡಿಲು. ಕಟಿಂಗಿನವನು ಬೆವರಿದ. ಕತ್ತಿವೀರನ ಪ್ರಾಣ ಕರಗಿ ಕರಗಿ ಸೂಜಿಮೊನೆಯಷ್ಟು ಉಳಿಯಿತು. ಕೋಟಿನ ಅಂಚಿನಲ್ಲಿ ಕಟ್ಟಕಡೆಯದು, ಕಾಜ!

"ಎಣ್ಣೆ ಬಿಸಿ ಮಾಡ್ಕೋ ಹೋಗೋ!" ಎಂದು ಅಬ್ಬರಿಸಿ, ಬಯಲಿಗೆ ಬಂದು, ಕತ್ತಿವೀರನ ಮೂಗಿಗೆ ಮೂಗು ತಾಗಿಸಿ ಮಂತ್ರ ಹಾಕಿದ.

ಕೊಕ್ಕೊಕ್ಕೋ.

ಕತ್ತಿ ಒಂದೇ ಸಲ ಬೀಸಿತು. ಟಿ.ವಿ.ಯ ತುಂಬ ಪುಕ್ಕ.

"ಕಾಜ ಇತ್ತಲ್ಲೇ!" ಎಂದು ಟೈಲರಣ್ಣ ಕಿರುಚಿದ. "ಕಡೇದು ಕಾಜ ಅಲ್ವೇನೇ?"

"ಅದು ನಾನೇ ಹಾಕಿದ್ದು ಬಾವ," ಎಂದಳು ನಾದಿನಿ, ಹೆಮ್ಮೆಯಿಂದ. "ಮೇಲಿನ ಸಾಲಲ್ಲೆಲ್ಲ ಆರು, ಕೆಳಗಿಂದ್ರಲ್ಲಿ ಐದೇ. ಪಾಪ, ಬಾವ ಮರೆತಿದ್ದಾರೆ ಅಂದ್ಕೊಂಡು ಸರಿ ಮಾಡಿದೆ. ಜೋಡಿ ತಪ್ಪಿದ್ರೆ ನೋಡಿದೋರು ಏನಂತಾರೆ?"

ಕಟಿಂಗಿನವನು ಕತ್ತಿ ತೆಗೆದ. ಎಡಗಡೆಯ ಮೀಸೆ ಸರ್ರನೆ ಹೋಯಿತು. ಟೈಲರಣ್ಣನ ಕಣ್ಣಲ್ಲಿ ನೀರು ಕಂಡು, ಹನ್ನೆರಡು ವರ್ಷ ಕಾದವನಿಗೂ ಕರುಳು ಚುರ್ರೆಂದಿತು.

"ಹೋಗ್ಲಿ ಬಿಡು ಮಾರಾಯ. ನಿನ್ ಹೆಂಡ್ತಿ ಬಾಗಿಲು ತೆಗೀಬೇಕಲ್ಲ. ಬಲಗಡೆ ಬಿಟ್ಟಿದೀನಿ. ಎಡಗಡೇದು ಬೆಳೆಯೋ ತನಕ ಅಡ್ಡಡ್ಡ ನಡ್ಕೊಂಡು ಓಡಾಡು."

ಮುಳುಗುವವನಿಗೆ ಹುಲ್ಲುಕಡ್ಡಿ. ಟೈಲರಣ್ಣ ಕನ್ನಡಿಯಲ್ಲಿ ಬಲಗೆನ್ನೆ ತಿರುಗಿಸಿ ನೋಡಿಕೊಂಡ. ಪರವಾಗಿಲ್ಲ; ಈ ಕಡೆಯಿಂದ ನೋಡಿದರೆ ಗಂಡನೇ. ಸಮಾಧಾನದ ಉಸಿರು ಬಿಟ್ಟು ಕಣ್ಣು ಮುಚ್ಚಿದ.

ಬಟ್ಟೆ ಕತ್ತರಿಯ ಕಚಕ್ ಶಬ್ದ ಮೂಗಿನ ಕೆಳಗೇ ಕೇಳಿಸಿತು.

"ಹಾಂ, ಈಗ ಸರಿಯಾಯ್ತು ಬಾವ," ಎಂದಳು ನಾದಿನಿ.