ಪ್ರೊಫೆಸರರೂ ನನ್ನ ರಾಹುಕಾಲವೂ

ಬಹಳ ಓದಿದವರ ಕೋಣೆ ಗುಡಿಸುವವರಿಗೆ ನಗುವಿಗೆ ಬರವಿಲ್ಲ. ಕಸದ ಬುಟ್ಟಿಯ ಹಾಗೆ ಅದೂ ದಿನಾ ತುಂಬುತ್ತದೆ.

ತೊಂಬತ್ತರ ದಶಕದಲ್ಲಿ ನಾನು ಲಂಡನ್ನಿನ ಒಂದು ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ವಿಭಾಗದಲ್ಲಿ ಕ್ಲೀನರ್ ಆಗಿದ್ದೆ. ಊರಿನಲ್ಲಿ ನಾಲ್ಕನೇ ಕ್ಲಾಸಿಗೇ ಶಾಲೆ ಬಿಡಿಸಿದ್ದರು. ಇಂಗ್ಲಿಷ್ ಕಲಿತದ್ದು ಆ ವಿಭಾಗದವರು ಓದಿ ಎಸೆದ ಪತ್ರಿಕೆಗಳಿಂದ. ಅದೇ ವಿಭಾಗದ ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡಬೇಕೆಂಬುದು ನನ್ನ ಹಟ. ಅದಕ್ಕೆ ಇಲ್ಲಿ ಹದಿನಾರರ ಮಕ್ಕಳು ಬರೆಯುವ ಇಂಗ್ಲಿಷ್, ಗಣಿತ ಎರಡು ಪರೀಕ್ಷೆ ಪಾಸಾಗಬೇಕಿತ್ತು. ಇಂಗ್ಲಿಷ್ ಆಗಿತ್ತು. ಗಣಿತದಲ್ಲಿ ಎರಡು ಸಲ ಬಿದ್ದಿದ್ದೆ.

ಕೈಗೆ ಮುತ್ತು

ವಿಭಾಗದಲ್ಲಿ ಹಂಗೇರಿಯ ಪ್ರೊಫೆಸರರೊಬ್ಬರಿದ್ದರು. ಹುಡುಗನಾಗಿದ್ದಾಗಲೇ ಗಡಿ ದಾಟಿ ನಡೆದು ಬಂದವರು. ಅವರ ಕಡೆ ಹಳೇ ಕಾಲದ ಗಂಡಸರು ಹೆಂಗಸರ ಕೈಗೆ ಮುತ್ತಿಟ್ಟು ನಮಸ್ಕಾರ ಹೇಳುತ್ತಾರಂತೆ. ಮೊದಲ ದಿನ ಕಾರಿಡಾರಿನಲ್ಲಿ ಎದುರಾದವರು ಬಗ್ಗಿ ನನ್ನ ಕೈಗೆ ಮುತ್ತಿಟ್ಟೇಬಿಟ್ಟರು. ನಾನು ರಬ್ಬರ್ ಗ್ಲೌಸ್ ಹಾಕಿದ್ದೆ. ಗಂಡಸರ ಟಾಯ್ಲೆಟ್ ತೊಳೆದು ಆಗ ತಾನೇ ಹೊರಗೆ ಬಂದಿದ್ದೆ.

ಮರುದಿನದಿಂದ ಹತ್ತು ಅಡಿ ದೂರದಿಂದಲೇ ತಲೆ ಬಾಗಿಸುತ್ತಿದ್ದರು.

ಉಪಯೋಗ

ಒಮ್ಮೆ ಕೇಳಿದೆ: "ಪ್ರೊಫೆಸರ್, ನೀವು ಗಣಿತದವರೋ, ಸಂಖ್ಯಾಶಾಸ್ತ್ರದವರೋ?"

"ಹಂಗೇರಿಯಲ್ಲಿ ಗಣಿತದವನು. ಇಲ್ಲಿಗೆ ಬಂದಮೇಲೆ, ಅದರಿಂದ ಏನು ಉಪಯೋಗ ಅಂತ ಕೇಳಿದರು. ಸಂಖ್ಯಾಶಾಸ್ತ್ರಕ್ಕೆ ಬಂದೆ."

"ಈಗ ಉಪಯೋಗ ಇದೆಯಾ?"

"ಇಲ್ಲ. ಆದರೆ ಎಷ್ಟು ಇಲ್ಲ ಅಂತ ಈಗ ಖಚಿತವಾಗಿ ಹೇಳಬಲ್ಲೆ."

ಅಳಿಸಬೇಡಿ

ಅವರ ಕೋಣೆಯ ಕರಿಹಲಗೆಯ ತುಂಬ ಯಾವುದೋ ಲೆಕ್ಕ, ಮೇಲೆ ದಪ್ಪಕ್ಷರದಲ್ಲಿ 'ಅಳಿಸಬೇಡಿ'. ಪ್ರೊಫೆಸರರು ಮೂಲೆಯಲ್ಲಿ ಉಳಿದಿದ್ದ ಅಂಗೈಯಗಲ ಜಾಗದಲ್ಲಿ ಬರೆದು, ಒರೆಸಿ, ಬರೆಯುತ್ತಿದ್ದರು. ಆ ಹಲಗೆಯ ಧೂಳು ನೋಡಿ ನೋಡಿ ನನಗೆ ಸಾಕಾಯಿತು. ಒಂದು ಬೆಳಿಗ್ಗೆ ಒದ್ದೆ ಬಟ್ಟೆ ತಂದು ಪೂರ್ತಿ ಒರೆಸಿ ಹಾಕಿದೆ.

ಬಂದವರು ಬಾಗಿಲಲ್ಲೇ ನಿಂತರು. ಕೆಲಸ ಹೋಯಿತು ಅಂದುಕೊಂಡೆ. ಆದರೂ ಕ್ಷಮೆ ಕೇಳಲಿಲ್ಲ. "ಕೊಳಕಾಗಿತ್ತು," ಅಂದೆ.

"ಅದು ನಾನು ಬರೆದದ್ದಲ್ಲ. ನನಗಿಂತ ಮೊದಲು ಈ ಕೋಣೆಯಲ್ಲಿ ಇದ್ದವರದು. ಏನೆಂದು ಅರ್ಥ ಮಾಡಿಕೊಳ್ಳಲು ಒಂಬತ್ತು ವರ್ಷದಿಂದ ಒದ್ದಾಡುತ್ತಿದ್ದೆ," ಅಂದರು. ಕುರ್ಚಿಯಲ್ಲಿ ಹಗುರಾಗಿ ಕೂತರು. "ದೊಡ್ಡ ಉಪಕಾರ ಮಾಡಿದಿರಿ, ಮೇಡಂ. ನಿಮಗೇನು ಬೇಕು, ಕೇಳಿ."

"ಗಣಿತ," ಅಂದೆ.

ಹಿಡಿ ಉಪ್ಪು

ಪುಕ್ಕಟೆ ಪಾಠ ಹೇಳಿಸಿಕೊಳ್ಳುವವಳು ನಾನಲ್ಲ. ಪಾಠಕ್ಕೆ ಬದಲು ವಾರಕ್ಕೊಮ್ಮೆ ಚಿತ್ರಾನ್ನ ಒಯ್ಯುತ್ತಿದ್ದೆ.

"ಉಪ್ಪು ಎಷ್ಟು ಗ್ರಾಂ?"

"ಕೈಗೆ ಗೊತ್ತು."

ಅವರು ಬಿಡಲಿಲ್ಲ. ಕಾಗದ ತೂಗುವ ತಕ್ಕಡಿ ಇಟ್ಟು, ನನ್ನಿಂದ ಹತ್ತು ಸಲ ಉಪ್ಪು ಹಿಡಿಸಿದರು. ಒಂಬತ್ತು ಸಲ ಮುಳ್ಳು ಒಂದೇ ಕಡೆ ನಿಂತಿತು. ಹತ್ತನೆಯದು ದುಪ್ಪಟ್ಟು. ಪುಸ್ತಕದಲ್ಲಿ ಬರೆದುಕೊಂಡರು: 'ಹತ್ತನೇ ಸಲ ಮೇಡಂ ನನ್ನನ್ನು ಬೈಯುತ್ತಿದ್ದರು.'

ರಾಹುಕಾಲ

ಮೂರನೇ ಸಲದ ಪರೀಕ್ಷೆ ಜೂನ್ ತಿಂಗಳ ಒಂದು ಗುರುವಾರ, ಒಂದೂವರೆಯಿಂದ ಮೂರು. ಲಂಡನ್ನಿನ ಅಂಚಿನ ಇಲ್ಫರ್ಡಿನಲ್ಲಿರುವ ನಮ್ಮ ಮನೆಯ ಗೋಡೆಯ ಮೇಲೆ, ತಂಗಿ ಬೆಂಗಳೂರಿನಿಂದ ಕಳಿಸುವ ಕ್ಯಾಲೆಂಡರ್ ಇರುತ್ತದೆ. ನೋಡಿದೆ. ಗುರುವಾರ ರಾಹುಕಾಲ, ಒಂದೂವರೆಯಿಂದ ಮೂರು. ಒಂದು ನಿಮಿಷ ಆಚೀಚೆ ಇಲ್ಲ.

"ಗೊತ್ತಿದ್ದೂ ಗೊತ್ತಿದ್ದೂ ಹೋಗಿ ಮೂರನೇ ಸಲ ಬೀಳ್ತೀಯೇನೇ?" ಅಂದರು ನಮ್ಮ ಯಜಮಾನರು.

ರಾಹುಕಾಲದಲ್ಲಿ ನಾನು ಪರೀಕ್ಷೆ ಬರೆಯುವುದಿಲ್ಲ ಎಂದು ಪ್ರೊಫೆಸರರಿಗೆ ಹೇಳಿದೆ. ಆಫೀಸಿನ ಹುದ್ದೆ ಸೆಪ್ಟೆಂಬರಿಗೆ ಖಾಲಿಯಾಗುವುದಿತ್ತು. ಈ ಸಲ ಬಿಟ್ಟರೆ ಅದು ಬೇರೆಯವರ ಪಾಲು. ಅವರು ನಗಲಿಲ್ಲ. "ಅದನ್ನು ಹೇಗೆ ಲೆಕ್ಕ ಹಾಕುತ್ತಾರೆ?" ಎಂದು ಕೇಳಿದರು.

"ಸೂರ್ಯ ಹುಟ್ಟಿ ಮುಳುಗುವವರೆಗೆ ಎಂಟು ಪಾಲು. ಗುರುವಾರ ಆರನೆಯದು ರಾಹುವಿನದು."

"ಯಾವ ಊರಿನ ಸೂರ್ಯ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆ ನನಗೂ ಬಂದಿರಲಿಲ್ಲ, ನಮ್ಮವರು ಯಾರಿಗೂ ಬಂದಿರಲಿಲ್ಲ.

ಸೂರ್ಯೋದಯ, ಸೂರ್ಯಾಸ್ತ ಅಚ್ಚಾಗಿದ್ದ ಡೈರಿಯನ್ನು ನನ್ನ ಮುಂದೆ ತಳ್ಳಿ, "ಭಾಗಿಸಿ," ಅಂದರು. ಲಂಡನ್ನಿನ ಜೂನಿನಲ್ಲಿ ಬೆಳಗಾಗುವುದು ಐದಕ್ಕೂ ಮೊದಲು, ಕತ್ತಲಾಗುವುದು ಒಂಬತ್ತರ ಮೇಲೆ. ತಪ್ಪಿಲ್ಲದೆ ಭಾಗಿಸಿದೆ. ಆರನೇ ಪಾಲು ಶುರುವಾಗುವುದು ಮೂರು ಗಂಟೆ ಮೂರು ನಿಮಿಷಕ್ಕೆ.

"ಪರೀಕ್ಷೆ ಮೂರಕ್ಕೆ ಮುಗಿಯುತ್ತದೆ. ಹೊರಗೆ ಬರಲು ಮೂರು ನಿಮಿಷ ಇದೆ. ಓಡಬೇಕಾಗಿಲ್ಲ," ಅಂದರು.

ನಾನು ಆ ಡೈರಿ ಕೇಳಿ ಪಡೆದು ಖುಷಿಯಾಗಿ ಮನೆಗೆ ಹೋದೆ. ನಾನು ಹಳೆಯ ಕ್ಯಾಲೆಂಡರ್ ಎಸೆಯುವುದಿಲ್ಲ. ಮಾಡಿದ್ದನ್ನೆಲ್ಲ ಗಂಟೆ ಸಮೇತ ಅದರ ಮೇಲೇ ಬರೆದಿಡುತ್ತೇನೆ. ಒಂದೊಂದನ್ನೇ ತೆಗೆದು ಲಂಡನ್ನಿನ ಸೂರ್ಯನ ಪ್ರಕಾರ ಲೆಕ್ಕ ಹಾಕಿದೆ. ಮನೆಯ ಕಾಗದಕ್ಕೆ ಸಹಿ ಹಾಕಿದ್ದು, ನವೆಂಬರ್ ಸೋಮವಾರ ಒಂಬತ್ತೂ ಕಾಲು: ಅಪ್ಪಟ ರಾಹುಕಾಲ. ಕ್ಲೀನರ್ ಕೆಲಸ ಸಿಕ್ಕಿದ ಇಂಟರ್‌ವ್ಯೂ, ಜೂನ್ ಶುಕ್ರವಾರ ಹನ್ನೆರಡೂ ಕಾಲು: ಅಪ್ಪಟ ರಾಹುಕಾಲ. ನಿಜವಾದ ಒಳ್ಳೆ ವೇಳೆಯಲ್ಲಿ ಮಾಡಿದ್ದು ಎರಡೇ ಕೆಲಸ. ಒಂದು, ಹಳೇ ಕಾರು ಕೊಂಡದ್ದು. ಅದು ಮನೆ ತಲುಪುವ ಮೊದಲೇ ಕೆಟ್ಟು ನಿಂತಿತ್ತು. ಇನ್ನೊಂದು, ಬಿದ್ದ ಆ ಎರಡು ಗಣಿತ ಪರೀಕ್ಷೆ.

ಮರುದಿನ ಪ್ರೊಫೆಸರರ ಮುಂದೆ ಹಾಳೆ ಇಟ್ಟು, "ನಾನು ಬರೆಯುವುದಿಲ್ಲ. ಇದು ರಾಹುಕಾಲವೇ ಅಲ್ಲ," ಅಂದೆ.

ಅವರು ಒಂದೊಂದು ಭಾಗಾಕಾರವನ್ನೂ ಪೆನ್ಸಿಲ್ ಹಿಡಿದು ತಾಳೆ ನೋಡಿದರು. "ಮೇಡಂ, ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲ. ಇಷ್ಟು ಭಾಗಾಕಾರ ಮಾಡಿದವರು ಬೀಳುವುದಿಲ್ಲ. ಹೋಗಿ ಬರೆಯಿರಿ."

ಬರೆದೆ. ಪಾಸಾದೆ. ಸೆಪ್ಟೆಂಬರಿನಲ್ಲಿ ಆಫೀಸಿನವರು, ಮೊದಲ ದಿನ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳಿದರು. ಯೋಚಿಸಿ ಹೇಳುತ್ತೇನೆ ಅಂದೆ. ಡೈರಿ ತೆಗೆದೆ, ಎಂಟರಿಂದ ಭಾಗಿಸಿದೆ, ರಾಹುಕಾಲದ ನಟ್ಟ ನಡುವೆ ಹೋಗಿ ಕುರ್ಚಿಯ ಮೇಲೆ ಕೂತೆ.