ಕದ್ದ ಗಿಡವೇ ಚಿಗುರೋದು

ನಮ್ಮ ಚಿಕ್ಕಮ್ಮ ಕಳ್ಳಿ. ಇದು ಚಾಡಿ ಮಾತಲ್ಲ. ಆಕೆಯೇ ಹಾಗೆ ಹೇಳಿಕೊಳ್ಳುತ್ತಾರೆ, ಅದೂ ಹೆಮ್ಮೆಯಿಂದ! ಕದಿಯುವುದು ಚಿನ್ನ ಬೆಳ್ಳಿಯನ್ನಲ್ಲ, ಗಿಡದ ಕಡ್ಡಿಯನ್ನು. "ಕೊಟ್ಟ ಗಿಡ ಬರಲ್ಲ ಕಣೋ, ಕದ್ದ ಗಿಡವೇ ಚಿಗುರೋದು" ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ನೀವು ಕೇಳಿ ಸುಮ್ಮನಾದಿರಿ. ಚಿಕ್ಕಮ್ಮ ಅದನ್ನು ವ್ರತದಂತೆ ಹಿಡಿದರು.

ಮಲ್ಲೇಶ್ವರದಲ್ಲಿ ನಮ್ಮ ಕ್ರಾಸಿನ ಕೊನೆಗೊಂದು ಹೂದೋಟವಿದೆ. ಬಡಾವಣೆಯ ಏಳೆಂಟು ಜನ ಸಂಬಳವಿಲ್ಲದೆ ನೋಡಿಕೊಳ್ಳುತ್ತಾರೆ. ಯಾರು ಬೇಕಾದರೂ ಹೋಗಿ ಹೂ ನೋಡಬಹುದು. ನೋಡುವುದಷ್ಟೇ ಆಗಿದ್ದರೆ ಚಿಕ್ಕಮ್ಮ ಯಾಕೆ ಹೋಗುತ್ತಿದ್ದರು? ಯುಗಾದಿ ಹೊತ್ತಿಗೆ ಮಲ್ಲಿಗೆ, ಶ್ರಾವಣಕ್ಕೆ ದಾಸವಾಳ, ದಸರೆ ಕಳೆದರೆ ಸೇವಂತಿಗೆ, ಧನುರ್ಮಾಸದ ಚಳಿಗೆ ಗುಲಾಬಿ. ಮಳೆ ಬರಲಿ ಬಿಡಲಿ, ಕೈಯಲ್ಲಿ ಕೊಡೆ. ಅಡಿಕೆ ಕತ್ತರಿ ಕಚಕ್ ಎಂದರೆ ಕಡ್ಡಿ ಮಡಿಸಿದ ಕೊಡೆಯೊಳಗೆ. ಜೊತೆಗೆ ಹೋದ ನಾನು ಆಕಾಶ ನೋಡುತ್ತಾ ನಿಂತಿರಬೇಕು.

ಹಾಗೆಂದು ನೀತಿ ನಿಯಮ ಇಲ್ಲವೇ? ಪೂಜೆಗೆಂದು ಹೂ ಕೀಳುತ್ತಿದ್ದ ಒಬ್ಬರನ್ನು "ದೇವರ ಹೆಸರಲ್ಲಿ ಕಳ್ಳತನ ಮಾಡೋಕೆ ನಾಚಿಕೆ ಆಗಲ್ವೇನ್ರೀ?" ಎಂದು ಗೇಟಿನವರೆಗೆ ಅಟ್ಟಿಸಿಕೊಂಡು ಹೋದರು. ಕೊಡೆಯಲ್ಲಿ ಆಗ ಮೂರು ಕಡ್ಡಿಗಳಿದ್ದವು.

ತೋಟದ ಉಸ್ತುವಾರಿ ಒಬ್ಬ ನಿವೃತ್ತ ಪೋಸ್ಟ್ ಮಾಸ್ಟರರದು. ಪರಮ ಸಾಧು. ಒಮ್ಮೆ ಬೇರು ಬಿಟ್ಟ ಗುಲಾಬಿಯೊಂದನ್ನು ಕವರಿನಲ್ಲಿಟ್ಟು, "ತಗೊಳ್ಳಿ ಅಮ್ಮಾ, ನಿಮಗೇ ಅಂತ ಇಟ್ಟಿದ್ದೆ" ಎಂದರು. ಚಿಕ್ಕಮ್ಮನಿಗೆ ಅವಮಾನವಾಯಿತು.

"ಬೇಡ ರೀ, ಕೊಟ್ಟಿದ್ದು ಬರಲ್ಲ. ಅಲ್ಲಿಟ್ಟು ಆ ಕಡೆ ತಿರುಗಿ."

ಪಾಪ, ಅವರು ನೀರಿನ ಟ್ಯಾಂಕಿನ ಕಡೆ ಮುಖ ಮಾಡಿ ನಿಂತರು. "ಆಯ್ತಾ ಅಮ್ಮಾ?"

"ತಡೀರಿ, ಗೊಬ್ಬರ ಎಲ್ಲಿಟ್ಟಿದೀರಿ?"

ಹೋದ ಬೇಸಿಗೆಯಲ್ಲಿ ಪೈಪು ಹಾಕಲು ಜೆಸಿಬಿ ಬಂತು. ಸಂಜೆಯೊಳಗೆ ತೋಟದ ಜಾಗದಲ್ಲಿ ಬರೀ ಮಣ್ಣಿನ ಗುಡ್ಡೆ. ಪೋಸ್ಟ್ ಮಾಸ್ಟರ್ ಬೆಂಚಿನ ಮೇಲೆ ಕುಸಿದು ಕೂತಿದ್ದರು. ಆ ತೋಟದ ಹೂಗಳ ಸಂತಾನ ಉಳಿದದ್ದು ಒಂದೇ ಕಡೆ: ಚಿಕ್ಕಮ್ಮನ ತಾರಸಿಯ ಕುಂಡಗಳಲ್ಲಿ.

"ಬಂದು ಕದ್ಕೊಂಡ್ ಹೋಗಿ" ಎಂದರು ಚಿಕ್ಕಮ್ಮ. "ನಾನು ಬಾಗಿಲು ತೆಗೆದಿಟ್ಟು ಒಳಗೆ ಕಾಫಿ ಮಾಡ್ತಿರ್ತೀನಿ."

"ಸರ್ವೀಸಲ್ಲಿ ಒಂದು ಸ್ಟಾಂಪೂ ಮನೆಗೆ ತಂದವನಲ್ಲ ಅಮ್ಮಾ ನಾನು. ಕದಿಯೋದು ನನ್ನ ಕೈಲಾಗಲ್ಲ. ನೀವೇ ಕೈಯಾರೆ ಕೊಡಿ."

ಚಿಕ್ಕಮ್ಮನ ಮುಖ ಸಪ್ಪಗಾಯಿತು. ಮನೆಗೆ ಬರುವ ದಾರಿಯಲ್ಲಿ, ಮೊದಲ ಸಲ, ಕಾರಣ ಹೇಳಿದರು. ಮದುವೆಯಾದ ಹೊಸದರಲ್ಲಿ ಅವರು ನೆಟ್ಟ ತುಳಸಿ ಒಣಗಿಹೋಯಿತಂತೆ. ಅವರ ಅತ್ತೆ ಬೀದಿಗೆಲ್ಲ ಕೇಳುವಂತೆ "ಇವಳ ಕೈಗುಣ ಸರಿಯಿಲ್ಲ" ಎಂದರಂತೆ. ಅಂದಿನಿಂದ ಯಾರಿಗೂ ಒಂದು ಗಿಡ ಕೊಟ್ಟಿಲ್ಲ.

"ಕದ್ದಿದ್ದಾದ್ರೆ ಕಳ್ಳತನದ ಬಲದಲ್ಲಿ ಬರುತ್ತೆ, ನನ್ನ ಕೈಗೂ ಅದಕ್ಕೂ ಸಂಬಂಧ ಇಲ್ಲ. ಈಗ ಕೊಟ್ಟಿದ್ದೆಲ್ಲ ಒಣಗಿಹೋದ್ರೆ? ಆ ತೋಟ ನನ್ನಿಂದ ಹಾಳಾಗ್ಬಾರ್ದು ಕಣೋ. ಭಯ ಆಗ್ತಿದೆ."

ಆದರೂ ಕೊಟ್ಟರು. ಒಂದೊಂದೇ ಕುಂಡದಿಂದ ಕಡ್ಡಿ ಕತ್ತರಿಸಿ, ಪೈಪಿನ ಗುಂಡಿ ಮುಚ್ಚಿದ ತೋಟದಲ್ಲಿ ಮಂಡಿಯೂರಿ ತಾವೇ ನೆಟ್ಟರು. ಆಮೇಲೆ ದಿನಾ ಬೆಳಿಗ್ಗೆ ನನ್ನನ್ನು ಎಳೆದುಕೊಂಡು ಹೋಗಿ, ಆ ಬೋಳು ಕಡ್ಡಿಗಳ ಮುಂದೆ ಎಸ್ಸೆಸ್ಸೆಲ್ಸಿ ರಿಸಲ್ಟಿಗೆ ಕಾದವರಂತೆ ನಿಲ್ಲುತ್ತಿದ್ದರು. ಆಷಾಢ ಪೂರ್ತಿ ಏನೂ ಇಲ್ಲ. ಇನ್ನು ದೇವರೇ ಗತಿ ಎಂದು ನನಗೂ ಅನ್ನಿಸಿತ್ತು.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಮಲ್ಲಿಗೆ ಕಡ್ಡಿಯ ಗೆಣ್ಣಿನಲ್ಲಿ ಹಸಿರು ಕಾಣಿಸಿತು. ಪಕ್ಕದ್ದರಲ್ಲೂ. ಚಿಕ್ಕಮ್ಮ ಮಣ್ಣಿಗೆ ಕೈಯೂರಿ ಬಗ್ಗಿ ನೋಡಿದರೆ ಸಾಲಿಗೆ ಸಾಲೇ ಚಿಗುರಿದೆ! ಪೋಸ್ಟ್ ಮಾಸ್ಟರಿಗೆ ಆ ಹಳೆಯ ಕಥೆ ಏನೂ ಗೊತ್ತಿಲ್ಲ. ನೀರು ಹಾಯಿಸುತ್ತಾ ತಮ್ಮ ಪಾಡಿಗೆ ಅಂದರು, "ಎಷ್ಟು ಒಳ್ಳೆ ಕೈಗುಣ ಅಮ್ಮಾ ನಿಮ್ಮದು."

ಎಂಥ ಮಾತಿಗೂ ಎದುರುತ್ತರ ಇಟ್ಟುಕೊಂಡಿರುವ ನಮ್ಮ ಚಿಕ್ಕಮ್ಮ ಬೆಂಚಿನ ಮೇಲೆ ಕೂತು, ಮಣ್ಣಾದ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡರು. ಕಣ್ಣಲ್ಲಿ ನೀರು. ನನ್ನ ತೋಳು ಜಗ್ಗಿ ಮೆಲ್ಲಗೆ ಅಂದರು:

"ಅದನ್ನ ಇನ್ನೊಂದ್ ಸಲ ಹೇಳೋಕೆ ಹೇಳೋ ಅವರಿಗೆ."